ಕರೆಂಟ್ ಬಂದಲ್ಲಿ ಹಾಕಿದ ಗೆರೆ

ಚಿನ್ನೀ, ಗುಂಡಾ, ಇದು ನಿಮಗಾಗಿ. ಶಾಲೆಯ ಹಾಜರಿಯಲ್ಲಿ ಕೂಗುವ ಹೆಸರುಗಳು ನಿಮಗೆ ಬೇರೆ ಇವೆ, ಅವು ಇಲ್ಲಿ ಬೇಡ. ನಾನು ಕರೆದಾಗ ನೀವು ಓಡಿ ಬರುವುದು ಈ ಹೆಸರಿಗೇ. ನಿಮ್ಮ ತಾತನ ಹೆಸರನ್ನಂತೂ ನಾನು ಬಾಯಿಬಿಟ್ಟು ಹೇಳಿದವಳಲ್ಲ, ಮದುವೆಮನೆಯಲ್ಲಿ ಒಡಪು ಹೇಳಿಸಿದಾಗ ಬಿಟ್ಟರೆ. ಈಗ ಬರೆಯಲು ಹೋದರೆ ಕೈಯೂ ಒಲ್ಲೆ ಅನ್ನುತ್ತದೆ. ಹಾಗಾಗಿ ಈ ಹಾಳೆಗಳಲ್ಲಿ ಯಾರ ಹೆಸರೂ ಇರುವುದಿಲ್ಲ. ನೀವು ಓದಿದರೆ ಯಾರು ಯಾರೆಂದು ತಿಳಿಯುತ್ತದೆ.

ಹೋದ ಬೇಸಿಗೆಯಲ್ಲಿ ಲಿಂಗಸುಗೂರಿನಿಂದ ಬಂದಿದ್ದ ಬಟ್ಟೆ ಅಂಗಡಿಯವರ ಮುಂದೆ ನಾನು ಯಾಕೆ ಹಾಗೆ ಮಾತಾಡಿದೆ ಎಂದು ನೀವಿಬ್ಬರೂ ಎಷ್ಟೋ ಸಲ ಕೇಳಿದಿರಿ. ನಾನು ನಕ್ಕು ಅಡಿಗೆಮನೆಗೆ ಎದ್ದುಹೋದೆ. ಎದುರು ಕುಳಿತು ಹೇಳುವುದು ನನಗೆ ಯಾವಾಗಲೂ ಕಷ್ಟವೇ. ಬರೆಯುವಾಗ ನನ್ನ ಎದುರು ಗೋಡೆ ಮಾತ್ರ ಇರುತ್ತದೆ. ಗೋಡೆಗೆ ನಾನು ಏನು ಬೇಕಾದರೂ ಹೇಳಬಲ್ಲೆ. ಅದು ಹೇಗೆ ಎಂಬುದರಿಂದಲೇ ಶುರು ಮಾಡುತ್ತೇನೆ.

ನಾನು ಹುಟ್ಟಿದ್ದು ವಳಕಮದಿನ್ನಿಯಲ್ಲಿ. ಕಾಲುವೆ ನೀರಿನ ಊರು. ಶಾಲೆಯ ಹಿಂದೆಯೇ ನೆಲ್ಲಿನ ಗದ್ದೆಗಳಿದ್ದವು. ಗಾಳಿ ಬಂದರೆ ಹಸಿರು ಅಲೆಗಳು ಕಿಟಕಿಯ ತನಕ ಬಂದು, ಒಳಗೆ ಬರಲು ನಾಚಿಕೊಂಡಂತೆ ತಿರುಗಿ ಹೋಗುತ್ತಿದ್ದವು. ಅದನ್ನು ನೋಡುತ್ತ ಕುಳಿತರೆ ನನಗೆ ಮೇಷ್ಟ್ರು ಕರೆದದ್ದೂ ಕೇಳುತ್ತಿರಲಿಲ್ಲ. ನನಗೆ ಓದಲು ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಆದರೆ ಎದ್ದುನಿಂತು ಎಲ್ಲರಿಗೂ ಕೇಳುವಂತೆ ಓದು ಎಂದರೆ ಪುಸ್ತಕದಿಂದ ಮುಖ ಮುಚ್ಚಿಕೊಳ್ಳುತ್ತಿದ್ದೆ. ಹುಡುಗರು ನಗುತ್ತಿದ್ದರು. ಮೇಷ್ಟ್ರು ಒಳ್ಳೆಯವರು. ಒಂದು ದಿನ ನನ್ನ ಭುಜ ಹಿಡಿದು ತಿರುಗಿಸಿ ನಿಲ್ಲಿಸಿದರು. "ಮಾರಿ ಗ್ವಾಡಿ ಕಡೆ ಮಾಡಿ ಓದವಾ," ಅಂದರು. ಗೋಡೆಗೆ ಆಗಷ್ಟೇ ಸುಣ್ಣ ಬಳಿದಿದ್ದರು, ಅದರ ತಂಪು ವಾಸನೆ ಮೂಗಿಗೆ ಹತ್ತಿತು. ಸುಣ್ಣದ ಮೇಲೊಂದು ಸಣ್ಣ ಬಿರುಕು, ನಕಾಶೆಯಲ್ಲಿನ ಹೊಳೆಯ ಹಾಗೆ. ಆ ಹೊಳೆಯನ್ನು ನೋಡುತ್ತ ನಾನು ಇಡೀ ಪಾಠ ಓದಿಬಿಟ್ಟೆ. ಅಂದಿನಿಂದ ಏಳನೇ ಕ್ಲಾಸು ಮುಗಿಯುವ ತನಕ ನಾನು ಓದಿದ್ದೆಲ್ಲ ಗೋಡೆಗೇ.

ಮದುವೆಯಾಗಿ ಮಸ್ಕಿಗೆ ಬಂದೆ. ಇಲ್ಲಿ ಗದ್ದೆಯ ಹಸಿರಿರಲಿಲ್ಲ. ಬಿಳಿಜೋಳದ ಊರು, ಬಿಸಿಲಿನ ಊರು. ಮನೆಗೆ ಅಂಟಿಕೊಂಡೇ ನಮ್ಮ ಹಿಟ್ಟಿನ ಗಿರಣಿ. ಅಡಿಗೆಮನೆಗೂ ಗಿರಣಿಗೂ ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಸಣ್ಣ ಕಿಟಕಿ. ನಿಮಗೆ ಗೊತ್ತಿರುವ ಕಿಟಕಿಯೇ ಅದು, ಗುಂಡ ಅದರಲ್ಲಿ ತಲೆ ತೂರಿಸಿ ಸಿಕ್ಕಿಹಾಕಿಕೊಂಡಿದ್ದನಲ್ಲ. ಗಂಡಸರಿಗೆ ನೀರು, ಚಹಾ ಆ ಕಿಟಕಿಯಿಂದಲೇ ದಾಟಿಸುತ್ತಿದ್ದೆವು. ಮನೆಯ ಸೊಸೆಯಂದಿರು ಗಿರಣಿಯ ಮುಂಭಾಗಕ್ಕೆ ಹೋಗುವ ರೂಢಿ ಇರಲಿಲ್ಲ. ಅದು ನನಗೆ ಅನುಕೂಲವೇ ಆಗಿತ್ತು. ಕಿಟಕಿಯ ಎರಡು ಬಾಗಿಲು ಅರ್ಧ ಮುಚ್ಚಿ, ಸಂದಿಯಿಂದ ಆಚೆಯ ಜಗತ್ತನ್ನು ನೋಡಿಕೊಂಡು ಇದ್ದೆ. ಹಿಟ್ಟಿನ ದೂಳು ಎಲ್ಲದರ ಮೇಲೂ ಕುಳಿತು, ಆಚೆಯವರೆಲ್ಲ ಕನಸಿನಲ್ಲಿ ನಡೆದಾಡುವವರಂತೆ ಕಾಣುತ್ತಿದ್ದರು.

ನಿಮ್ಮ ತಾತನ ಎಡಗೈಯ ಕಿರುಬೆರಳು ಅರ್ಧವೇ ಇದ್ದದ್ದು ನಿಮಗೆ ನೆನಪಿರಬೇಕು. ಅದು ಹೋದದ್ದು ಅವರು ಗುಂಡನಷ್ಟಿದ್ದಾಗ. ಕರೆಂಟ್ ಹೋದರೆ ಗಿರಣಿ ನಿಲ್ಲುತ್ತದೆ, ಮತ್ತೆ ಬಂದರೆ ಸ್ಟಾರ್ಟರ್ ಒತ್ತಿ ಚಾಲೂ ಮಾಡಬೇಕು. ಅವರ ಅಪ್ಪ, ನನ್ನ ಮಾವನವರು, ಹೊಲದ ಪಂಪಿಗೆ ಮಾಡುವ ಹಾಗೆ ಇಲ್ಲಿಯೂ ಸ್ಟಾರ್ಟರಿಗೆ ಕಟ್ಟಿಗೆಯ ಚೂರೊಂದನ್ನು ಹೆಟ್ಟಿ ಇಟ್ಟಿದ್ದರು, ಕರೆಂಟ್ ಬಂದ ಕೂಡಲೇ ತಾನಾಗಿ ತಿರುಗಲಿ ಎಂದು. ನಿಂತ ಗಿರಣಿಯ ಗಾಲಿಗಳಿಗೆ ಸುತ್ತಿದ ಪಟ್ಟಾ ಮಕ್ಕಳ ಕಣ್ಣಿಗೆ ಜೋಕಾಲಿಯ ಹಾಗೆ ಕಾಣುತ್ತದೆ. ನಿಮ್ಮ ತಾತ ಅದಕ್ಕೆ ಜೋತುಬಿದ್ದಿದ್ದಾಗ ಕರೆಂಟ್ ಬಂತು.

ಗಿರಣಿ ತಮ್ಮ ಕೈಗೆ ಬಂದ ದಿನವೇ ಅವರು ಆ ಕಟ್ಟಿಗೆ ಚೂರನ್ನು ಕಿತ್ತು ಒಲೆಗೆ ಹಾಕಿದರು. ಆದರೂ ಅವರ ಅಂಜಿಕೆ ಹೋಗಲಿಲ್ಲ. ಆಗ ಕರೆಂಟ್ ಹೋಗುವುದು ದಿನದ ಮಾತು. ಹೆಂಗಸರು ಡಬ್ಬಿಗಳನ್ನು ಸಾಲಾಗಿ ಇಟ್ಟು, ನೆರಳಿಗೆ ಕುಳಿತು ಹರಟುತ್ತಿದ್ದರು. ಅವರ ಮಕ್ಕಳು ಒಬ್ಬೊಬ್ಬರಾಗಿ ಪಟ್ಟಾದ ಹತ್ತಿರ ಜಾರುತ್ತಿದ್ದರು. ಬೈದರೆ ಹಿಂದೆ ಸರಿದು, ಮತ್ತೆ ನೀರಿನ ಹಾಗೆ ಅಲ್ಲಿಗೇ ಹರಿದು ಬರುತ್ತಿದ್ದರು.

ಪಟ್ಟಾಕ್ಕೆ ಬೇಕಾದ ಸಾಮಾನು ತರಲು ಲಿಂಗಸುಗೂರಿಗೆ ಹೋದಾಗ ಒಂದು ಸಲ ಅವರು ಬಸ್ ನಿಲ್ದಾಣದ ಪುಸ್ತಕದಂಗಡಿಯಿಂದ ಗೊಂಬಿ ಪುಸ್ತಕ ತಂದರು. ನೀವು ಕಾಮಿಕ್ಸ್ ಅನ್ನುತ್ತೀರಿ, ನಮಗೆಲ್ಲ ಅದು ಗೊಂಬಿ ಪುಸ್ತಕ. ಹಾಳೆ ತುಂಬ ಚೌಕಗಳು, ಚೌಕದೊಳಗೆ ಬಣ್ಣಬಣ್ಣದ ಮಂದಿ, ಅವರ ಬಾಯಿಂದ ಹೊರಟ ಗುಳ್ಳೆಯೊಳಗೆ ಮಾತು. ಪುಸ್ತಕದ ಮೂಲೆಗೆ ದಬ್ಬಣದಿಂದ ತೂತು ಕೊರೆದು, ಹುರಿ ಪೋಣಿಸಿ, ಪಟ್ಟಾದಿಂದ ದೂರ, ಆ ಕಡೆಯ ಗೋಡೆಯ ಮೊಳೆಗೆ ಅದನ್ನು ತೂಗುಹಾಕಿದರು. ಮಕ್ಕಳ ಕೈಗೆ ಸಿಗುವಷ್ಟು ಕೆಳಗೆ. ಮಕ್ಕಳೆಲ್ಲ ಅತ್ತ ಓಡಿದರು. ಆದರೆ ಓದಲು ಬರುವವರು ಕಡಿಮೆ. ಗೊಂಬೆ ನೋಡಿ ಮುಗಿದ ಮೇಲೆ ಮತ್ತೆ ಪಟ್ಟಾದ ಕಡೆಗೇ ಕಾಲು.

ಅಂದು ಊಟಕ್ಕೆ ಕುಳಿತಾಗ ಅವರು ನನಗೆ, ಕರೆಂಟ್ ಹೋದಾಗ ನೀನೇ ಓದಿಹೇಳು ಎಂದರು. ನನ್ನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಅಡ್ಡ ಬಿತ್ತು. ಆಗುವುದಿಲ್ಲ ಎಂದೆ. ಮದುವೆಯಾದ ಹೊಸದರಲ್ಲಿ ಶಾಲೆಯ ಸಂಗತಿಯನ್ನು ಅವರಿಗೆ ಹೇಳಿದ್ದೆ, ಅದನ್ನು ಅವರು ಮರೆತಿರಲಿಲ್ಲ.

"ಮಾರಿ ಗ್ವಾಡಿ ಕಡೆ ಮಾಡು," ಅಂದರು. "ಗ್ವಾಡಿ ನಮ್ಮದ ಐತಲ್ಲ."

ಮರುದಿನ ಮಧ್ಯಾಹ್ನ ಕರೆಂಟ್ ಹೋದಾಗ ಪುಸ್ತಕ ಬಿಚ್ಚಿಕೊಂಡು ಬಂದು ಕಿಟಕಿಯೊಳಗೆ ತೂರಿಸಿದರು. ನಾನು ಕಿಟಕಿಯ ಪಕ್ಕ ಗೋಡೆಗೆ ಮುಖಮಾಡಿ ಕುಳಿತು ಓದತೊಡಗಿದೆ. ಮೊದಲು ಪಿಸುಮಾತು, ಆಮೇಲೆ ದನಿ. ಕೂಡಲೇ ಆಚೆಯಿಂದ ತಕರಾರು ಬಂತು: ಮಾತು ಕೇಳುತ್ತದೆ, ಗೊಂಬೆ ಇಲ್ಲ. ನಿಜವೇ. ಮುಂದಿನ ಸಲದಿಂದ ಅವರು ಪ್ರತಿ ಪುಸ್ತಕದ ಎರಡು ಪ್ರತಿ ತಂದರು. ತೂತು ಕೊರೆದದ್ದು ಗಿರಣಿಯ ಗೋಡೆಗೆ, ತೂತಿಲ್ಲದ್ದು ನನ್ನ ತೊಡೆಗೆ. ನಾನು ಒಳಗೆ ಓದಿ ಹಾಳೆಯ ತುದಿಗೆ ಬಂದಾಗ "ಮಗಚ್ರೆಪಾ" ಅನ್ನುತ್ತಿದ್ದೆ. ಆಚೆ ಯಾರೋ ಒಬ್ಬರು ಹಾಳೆ ಮಗುಚುತ್ತಿದ್ದರು. ಎರಡೂ ಪುಸ್ತಕದ ಹಾಳೆಗಳು ಗೋಡೆಯ ಎರಡೂ ಕಡೆ ಒಟ್ಟಿಗೆ ತಿರುಗುವ ಸದ್ದು ಕೇಳಿದರೆ, ಯಾವುದೋ ದೊಡ್ಡ ಹಕ್ಕಿ ನಿದ್ದೆಯಲ್ಲಿ ರೆಕ್ಕೆ ಬಿಚ್ಚಿದ ಹಾಗೆ ಅನಿಸುತ್ತಿತ್ತು.

ಕರೆಂಟ್ ಹೋದ ಗಿರಣಿಯ ಮೌನವನ್ನು ಹೋದ ಬೇಸಿಗೆಯ ಆ ಒಂದು ದಿನ ಬಿಟ್ಟರೆ ನೀವು ಕಂಡವರಲ್ಲ. ಸದ್ದು ನಿಂತ ಮೇಲೂ ಕಿವಿಯೊಳಗೆ ಸ್ವಲ್ಪ ಹೊತ್ತು ಗಿರಣಿ ಗುಂಯ್‌ಗುಡುತ್ತಿರುತ್ತದೆ, ಆಮೇಲೆ ಅದೂ ದೂರ ದೂರ ಹೋಗಿ, ಗುಡ್ಡದ ಕಡೆ ಎಲ್ಲೋ ಕರಗುತ್ತದೆ. ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಹಿಟ್ಟು ನಿಂತಲ್ಲೇ ತೇಲುತ್ತದೆ. ಕೆಳಗೆ ಇಳಿಯಬೇಕೋ ಬೇಡವೋ ಎಂದು ಯೋಚಿಸಿದಂತೆ ನಿಧಾನವಾಗಿ ಇಳಿದು ಮಕ್ಕಳ ತಲೆಯ ಮೇಲೆ ಕೂರುತ್ತದೆ. ಸಂದಿಯಿಂದ ನನಗೆ ಅವರ ಕೂದಲು ಮಾತ್ರ ಕಾಣುತ್ತಿತ್ತು. ಒಂದು ಕಥೆ ಮುಗಿಯುವಷ್ಟರಲ್ಲಿ ಮಕ್ಕಳೆಲ್ಲರ ಕೂದಲು ಬೆಳ್ಳಗಾಗಿರುತ್ತಿತ್ತು. ಈಗ ಮಸ್ಕಿಯ ಸಂತೆಯಲ್ಲಿ ತಲೆ ನೆರೆತವರು ಎದುರಾದರೆ, ಇವರು ನಮ್ಮ ಗಿರಣಿಯಿಂದ ಈಗ ತಾನೇ ಎದ್ದು ಬಂದರೇನೋ ಅನಿಸಿ ಒಂದು ಗಳಿಗೆ ನಿಂತುಬಿಡುತ್ತೇನೆ.

ರಾಜನಿಗೊಂದು ದನಿ, ರಾಕ್ಷಸನಿಗೊಂದು ದನಿ, ಮುದುಕಿಗೊಂದು. ಇವೆಲ್ಲ ನನ್ನೊಳಗೆ ಎಲ್ಲಿದ್ದವೋ. ನನ್ನ ಅತ್ತೆಯವರು ಹಿಟ್ಟು ಸಾಣಿಸುತ್ತ ಕುಳಿತಲ್ಲಿಂದಲೇ ಹೆಂಗಸರಿಗೆ ಹೇಳುತ್ತಿದ್ದರು: "ಗಿರಣಿ ಬಂದ್ ಆತಂದ್ರ ನಮ್ಮ ಸೊಸಿ ಚಾಲೂ ಆಕ್ಕಾಳ ನೋಡ್ರಿ. ಇಕಿಗಿ ಕರೆಂಟ ಬೇಕಾಗಿಲ್ಲ." ಹೆಂಗಸರು ನಗುತ್ತಿದ್ದರು. ಆ ನಗು ಗೋಡೆ ದಾಟಿ ಬಂದು ನನ್ನ ಕಿವಿ ಬಿಸಿಮಾಡುತ್ತಿತ್ತು. ಆದರೂ ಓದು ನಿಲ್ಲಿಸುತ್ತಿರಲಿಲ್ಲ. ಜಗಳ ಮಾಡಿ ಸೊಸೆಯನ್ನು ಆಳುವ ಅತ್ತೆ ಅವರಲ್ಲ, ಹಾಗೆ ಚುಚ್ಚುತ್ತಲೇ ಕಥೆಯನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಿದ್ದರು.

ಇನ್ನು ಗೆರೆಯ ಸಂಗತಿ. ಕರೆಂಟ್ ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ರಾಕ್ಷಸ ಕತ್ತಿ ಎತ್ತಿದಾಗಲೇ ಬಂದುಬಿಡಬಹುದು. ಬಂದರೆ ಗಿರಣಿ ಗುಡುಗುತ್ತದೆ, ನನ್ನ ದನಿ ಮುಳುಗುತ್ತದೆ. ಓದುತ್ತಿದ್ದ ಮಾತಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ ಎಳೆದು ಪುಸ್ತಕ ಮುಚ್ಚುತ್ತಿದ್ದೆ. ಮತ್ತೆ ಕರೆಂಟ್ ಹೋದಾಗ ಆ ಗೆರೆಯಿಂದಲೇ ಶುರು. ನಡುವೆ ಎಷ್ಟು ಆಸೆಯಾದರೂ ಮುಂದಿನದನ್ನು ನಾನು ಕದ್ದು ಓದುತ್ತಿರಲಿಲ್ಲ. ಮಕ್ಕಳನ್ನು ಬಿಟ್ಟು ಓದಿದರೆ ಅವರ ಪಾಲಿನ ರೊಟ್ಟಿ ತಿಂದ ಹಾಗೆ ಅನಿಸುತ್ತಿತ್ತು. ಹೀಗೆ ಪ್ರತಿ ಪುಸ್ತಕದಲ್ಲೂ ಅಲ್ಲಲ್ಲಿ ಗೆರೆಗಳು. ಬೇರೆಯವರಿಗೆ ಅದು ಕೊಳೆ. ನನಗೆ ಒಂದೊಂದು ಗೆರೆಯೂ, ಇಲ್ಲಿ ಕರೆಂಟ್ ಬಂತು, ಇಲ್ಲಿ ಮಕ್ಕಳು ಅಯ್ಯೋ ಅಂದರು, ಇಲ್ಲಿ ನಿಮ್ಮ ತಾತ ಸ್ಟಾರ್ಟರ್ ಒತ್ತುವ ಮೊದಲು ಮಕ್ಕಳ ತಲೆ ಎಣಿಸಿದರು ಎಂದು ಹೇಳುತ್ತದೆ.

ಕಡೆಗೆ ಬಂದ ಪುಸ್ತಕದಲ್ಲಿ ಒಂದು ಬಾವಿಯ ಕಥೆ ಇತ್ತು. ಊರಿನ ಬಾವಿ ಒಣಗಿರುತ್ತದೆ. ಕುಂಬಾರರ ಹುಡುಗಿಯೊಬ್ಬಳು ನಡುವಿಗೆ ಹಗ್ಗ ಕಟ್ಟಿಕೊಂಡು ನೀರು ಎಲ್ಲಿ ಹೋಯಿತು ಎಂದು ನೋಡಲು ಇಳಿಯುತ್ತಾಳೆ. ಇಳಿದಷ್ಟೂ ಬಾವಿ ಆಳ. ಮೇಲಿನ ಬೆಳಕು ಚಪಾತಿಯಷ್ಟಾಗಿ, ಆಮೇಲೆ ಕುಂಕುಮದ ಬೊಟ್ಟಿನಷ್ಟಾಗುತ್ತದೆ. ತಳದಲ್ಲಿ ನೀರಿಲ್ಲ, ಒಂದು ಬಾಗಿಲಿದೆ. ಹುಡುಗಿ ಬಾಗಿಲು ಬಡಿಯಲು ಕೈ ಎತ್ತುತ್ತಾಳೆ. ಅಲ್ಲಿಗೆ ಕರೆಂಟ್ ಬಂತು, ನಾನು ಗೆರೆ ಎಳೆದೆ.

ಅದೇ ವಾರ ನಮ್ಮ ಗಿರಣಿಗೆ ಡೀಸೆಲ್ ಇಂಜಿನ್ ಬಂತು. ಕರೆಂಟ್ ಹೋದರೂ ಇನ್ನು ಗಿರಣಿ ನಿಲ್ಲುವ ಹಾಗಿಲ್ಲ. ಹೆಂಗಸರಿಗೆ ಕಾಯುವುದು ತಪ್ಪಿತು, ಎಲ್ಲರಿಗೂ ಸಂತೋಷ, ನನಗೂ. ಆ ಮೌನ ಮಾತ್ರ ಮತ್ತೆ ಬರಲಿಲ್ಲ. ಇಂದಲ್ಲ ನಾಳೆ ಇಂಜಿನ್ ಕೆಟ್ಟೀತು, ಆಗ ಓದೋಣ ಎಂದುಕೊಂಡೆ. ನಿಮ್ಮ ತಾತ ಇಂಜಿನ್ನನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡರೆಂದರೆ, ಅದು ಕೆಡಲೇ ಇಲ್ಲ. ಮಕ್ಕಳು ದೊಡ್ಡವರಾದರು. ನಾನು ಗೋಡೆಯ ಪುಸ್ತಕಗಳನ್ನು ಇಳಿಸಿ, ಜೋಡಿ ಜೋಡಿಯಾಗಿ ಟ್ರಂಕಿನಲ್ಲಿಟ್ಟು, ನಡುನಡುವೆ ಬೇವಿನ ಸೊಪ್ಪು ಹಾಕಿದೆ. ಬಾವಿಯ ಪುಸ್ತಕವನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ.

ಅದು ನನ್ನ ಮತ್ತು ನಿಮ್ಮ ತಾತನ ನಡುವಿನ ತಮಾಷೆಯಾಯಿತು. ಏನೋ ಒಂದು ಕೆಲಸ ಅರ್ಧಕ್ಕೆ ನಿಂತರೆ, ಚಹಾ ತಡವಾದರೆ, ಅವರು ಕಿಟಕಿಯಿಂದ ಕೇಳುತ್ತಿದ್ದರು: "ಆ ಹುಡುಗಿ ಇನ್ನಾ ಬಾವ್ಯಾಗ ಅದಾಳೇನು?" ಅದಾಳ್ರಿ ಎನ್ನುತ್ತಿದ್ದೆ. ಬಾಗಿಲ ಆಚೆ ಏನಿರಬಹುದು ಎಂದು ಒಮ್ಮೆ ನಾನು ಕೇಳಿದ್ದಕ್ಕೆ, ಅಲ್ಲಿಯೂ ಒಂದು ಗಿರಣಿ ಇರುತ್ತದೆ, ಅಲ್ಲಿಯೂ ಕರೆಂಟ್ ಇರುವುದಿಲ್ಲ ಎಂದು ನಗಿಸಿದ್ದರು. ಓದಿಬಿಡು ಎಂದು ಅವರು ಹೇಳಲಿಲ್ಲ, ನಾನೂ ಓದಲಿಲ್ಲ. ಸಿಂಧನೂರಿನ ಆಸ್ಪತ್ರೆಯಲ್ಲಿ ಅವರು ಕಡೆಯ ದಿನಗಳಲ್ಲಿ ಮಲಗಿದ್ದಾಗ, ಕಿಟಕಿಯಿಂದ ಸಂಜೆಯ ಬೆಳಕು ಹಿಟ್ಟಿನ ಹಾಗೆ ಒಳಗೆ ಬೀಳುತ್ತಿತ್ತು. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹುಬ್ಬು ಎತ್ತಿದರು. ಅವರು ಏನು ಕೇಳುತ್ತಿದ್ದಾರೆಂದು ತಿಳಿಯಿತು. ಅದಾಳ್ರಿ ಎಂದೆ.

ಮುಂದಿನದರಲ್ಲಿ ನೀವೂ ಇದ್ದೀರಿ. ನಿಮ್ಮ ಅಪ್ಪ ಹೊಸ ಮಷೀನು ತರುವ ಯೋಚನೆಯಲ್ಲಿದ್ದ. ಜಾಗ ಮಾಡಲು ಮನೆಯ ಸಾಮಾನೆಲ್ಲ ಸರಿಸುವಾಗ ಟ್ರಂಕು ಹೊರಬಂತು. ಚಿನ್ನೀ, ನೀನು ಮೊಬೈಲಿನಲ್ಲಿ ನೋಡಿ, ಹಳೆಯ ಕಾಮಿಕ್ಸಿಗೆ ಈಗ ಬಹಳ ಬೆಲೆ ಇದೆ, ಕೂಡಿಸಿಡುವವರು ಹುಡುಕಿಕೊಂಡು ಬರುತ್ತಾರೆ ಎಂದೆ. ನಾವು ಯಾರೂ ನಂಬಲಿಲ್ಲ. ನೀನು ಫೋಟೋ ತೆಗೆದು ಹಾಕಿದೆ. ಲಿಂಗಸುಗೂರಿನ ಬಟ್ಟೆ ಅಂಗಡಿಯವರು ಬಸ್ಸು ಹಿಡಿದು ಬಂದೇಬಿಟ್ಟರು.

ಅವರ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ. ಸೌಮ್ಯ ಮನುಷ್ಯ. ಕೈ ತೊಳೆದು, ಒರೆಸಿಕೊಂಡು, ಒಂದೊಂದು ಪುಸ್ತಕವನ್ನೂ ನಿದ್ದೆ ಮಾಡುವ ಕೂಸನ್ನು ಎತ್ತುವ ಹಾಗೆ ಎರಡು ಅಂಗೈಯಲ್ಲಿ ಎತ್ತಿ ನೋಡಿದರು. ನಾನು ಎಂದಿನಂತೆ ಬಾಗಿಲ ಹಿಂದೆ ನಿಂತಿದ್ದೆ. ಬೆಲೆ ಹೇಗೆ ಬರುತ್ತದೆ ಎಂದು ಅವರು ನಿಮ್ಮ ಅಪ್ಪನಿಗೆ ವಿವರಿಸಿದರು. ಇವು ಲಕ್ಷಗಟ್ಟಲೆ ಅಚ್ಚಾದರೂ ಉಳಿದದ್ದು ಅಪರೂಪ, ಯಾಕೆಂದರೆ ಮಕ್ಕಳು ಹರಿಯುತ್ತಾರೆ, ದೊಡ್ಡವರು ರದ್ದಿಗೆ ಹಾಕುತ್ತಾರೆ. ಉಳಿದವುಗಳಲ್ಲೂ ಮೂಲೆ ಮಡಚಿರಬಾರದು, ಪಿನ್ನಿಗೆ ಜಂಗು ಹತ್ತಿರಬಾರದು, ಮೇಲಿನ ಹಾಳೆಯ ಹೊಳಪು ಹೋಗಿರಬಾರದು, ಪೆನ್ನು ಪೆನ್ಸಿಲು ತಾಗಿರಬಾರದು. ಯಾರೂ ಓದದೆ ಇಟ್ಟ ಪುಸ್ತಕವೇ ಎಲ್ಲಕ್ಕಿಂತ ತುಟ್ಟಿ. ಅದನ್ನು ಕೇಳಿ ಗುಂಡ ನಕ್ಕುಬಿಟ್ಟ. ಅವರೂ ನಕ್ಕರು, ಹೌದಪ್ಪ, ಹುಚ್ಚೇ ಇದು ಎಂದರು.

ತೂತಿನ ಪುಸ್ತಕಗಳನ್ನು ಅವರು ಪಕ್ಕಕ್ಕೆ ಸರಿಸಿದರು. ಇವಕ್ಕೆ ಬೆಲೆ ಇಲ್ಲ, ಮಿರ್ಚಿ ಬಜ್ಜಿ ಕಟ್ಟಲು ಆದೀತು. ಒಂದರ ಎರಡೆರಡು ಯಾಕೆ ತಂದಿದ್ದರು ಎಂದು ಕೇಳಿದರು. ನಿಮ್ಮ ಅಪ್ಪ ಹುಟ್ಟಿದ್ದು ಇಂಜಿನ್ ಬಂದ ಮೇಲೆ, ಅವನಿಗೆ ಗೊತ್ತಿಲ್ಲ. ನಮ್ಮ ಅಪ್ಪನದು ಎಲ್ಲದರಲ್ಲೂ ಜೋಡಿಯೇ, ಚಪ್ಪಲಿಯ ಹಾಗೆ ಎಂದ.

ಆಮೇಲೆ ಅವರ ಕೈಗೆ ಬಾವಿಯ ಪುಸ್ತಕ ಬಂತು. ಅವರ ಉಸಿರು ಬದಲಾದದ್ದು ಬಾಗಿಲ ಹಿಂದಿದ್ದ ನನಗೂ ತಿಳಿಯಿತು. ಪುಸ್ತಕ ತೆಗೆಯುತ್ತಿದ್ದವರ ಕಂಪನಿ ಮುಚ್ಚುವ ಮೊದಲಿನ ಕಡೆಯ ಸಂಚಿಕೆಯಂತೆ ಅದು. ಕೆಲವೇ ಊರುಗಳಿಗೆ ಹೋಗಿತ್ತಂತೆ. ಇದಕ್ಕಾಗಿ ಎಷ್ಟು ವರ್ಷ ಹುಡುಕಿದೆನೋ ಎಂದು, ಅದೊಂದಕ್ಕೇ ಒಂದು ಹಯನದ ಎಮ್ಮೆ ಬರುವಷ್ಟು ಬೆಲೆ ಹೇಳಿದರು. ತೂತಿಲ್ಲದವನ್ನೆಲ್ಲ ಕೊಟ್ಟರೆ ಹೊಸ ಮಷೀನಿನ ಅರ್ಧ ಖರ್ಚು ಬರುತ್ತದೆ. ನಿಮ್ಮ ಅಪ್ಪನ ಮುಖ ಅರಳಿತು. ಮಗನಿಗೆ ಬೇಕಾಗಿದೆ. ಪುಸ್ತಕ ನನ್ನ ಹೊಟ್ಟೆ ತುಂಬಿಸುವುದಿಲ್ಲ. ಆದರೆ ಆ ಹುಡುಗಿ ಕೈ ಎತ್ತಿ ನಿಂತು ಎಷ್ಟು ಕಾಲವಾಯಿತು. ಅವಳನ್ನು ಹಾಗೆಯೇ ಪ್ಲಾಸ್ಟಿಕ್ಕಿನೊಳಗೆ ಹಾಕಿ ಕಪಾಟಿನಲ್ಲಿ ಇಟ್ಟುಬಿಟ್ಟರೆ, ಇನ್ನು ಯಾರೂ ಬಾಗಿಲು ತೆರೆಯುವುದಿಲ್ಲ. ಇದನ್ನು ಪರರ ಮುಂದೆ ಹೇಳುವುದಾದರೂ ಹೇಗೆ? ನಾನು ಸೆರಗಿನ ಚುಂಗು ಸುತ್ತುತ್ತ ನಿಂತೆ.

ಅವರು ಹಾಳೆ ತಿರುಗಿಸುತ್ತ ಗೆರೆಯ ಹತ್ತಿರ ಬಂದರು. ಪೆನ್ಸಿಲಿನದು, ಹೋಗುತ್ತದೆ, ಚಿಂತೆಯಿಲ್ಲ ಎಂದು ತಮ್ಮ ಚೀಲದಿಂದ ಬಿಳಿಯ ಮೆತ್ತನೆಯ ರಬ್ಬರ್ ತೆಗೆದರು. ಬಟ್ಟೆಯಿಂದ ಅದನ್ನು ಒರೆಸಿ, ಹಾಳೆಯ ಮೇಲೆ ಬಗ್ಗಿದರು.

"ಒರಸಬ್ಯಾಡ್ರಿ."

ಅದು ನನ್ನ ದನಿ. ಗಿರಣಿಯಲ್ಲಿ ಡಬ್ಬಿ ಹಿಡಿದು ನಿಂತಿದ್ದ ಹೆಂಗಸರೂ ಇತ್ತ ತಿರುಗಿದರು. ನಿಮ್ಮ ಅಪ್ಪ ನನ್ನನ್ನು ಮೊದಲ ಸಲ ಕಂಡವನ ಹಾಗೆ ನೋಡಿದ. ನಾನು ಬಾಗಿಲು ದಾಟಿ ಬಂದಿದ್ದೆ. ಯಾವಾಗ ಬಂದೆನೋ ನನಗೇ ತಿಳಿಯಲಿಲ್ಲ.

"ಅಕಿ ಇನ್ನಾ ಬಾವ್ಯಾಗ ಅದಾಳ್ರಿ," ಅಂದೆ.

ಯಾರಿಗೂ ಅರ್ಥವಾಗಲಿಲ್ಲ. ಅಂಗಡಿಯವರು ರಬ್ಬರನ್ನು ಕೆಳಗಿಟ್ಟು, ಯಾರ್ರೀ ಅಮ್ಮ ಎಂದು ಮೆಲ್ಲಗೆ ಕೇಳಿದರು. ನಾನು ಅವರ ಮುಖ ನೋಡಲಿಲ್ಲ. ಅವರ ಹಿಂದಿನ ಗೋಡೆ ನೋಡುತ್ತ ಎಲ್ಲ ಹೇಳಿದೆ. ಕಟ್ಟಿಗೆ ಚೂರು, ಕಿರುಬೆರಳು, ಜೋಡಿ ಪುಸ್ತಕ, ಕರೆಂಟ್ ಬಂದಲ್ಲಿ ಹಾಕಿದ ಗೆರೆ, ಬಾಗಿಲ ಮುಂದೆ ಕೈ ಎತ್ತಿ ನಿಂತ ಹುಡುಗಿ. ಒಮ್ಮೆಗೆ ಅಷ್ಟು ಮಾತನ್ನು ನಾನು ನನ್ನ ತವರಿನಲ್ಲೂ ಆಡಿದವಳಲ್ಲ. ಅದನ್ನೂ ಗಿರಣಿಯ ಸದ್ದಿನ ಮೇಲೆ ದನಿ ಎತ್ತಿ ಹೇಳಿದೆ. ಅಂಗಡಿಯವರು ನಿಜವನ್ನೇ ಹೇಳಿದರು: ಗೆರೆ ಇದ್ದರೆ ಬೆಲೆ ಅರ್ಧಕ್ಕಿಳಿಯುತ್ತದೆ, ಪೂರ್ತಿ ಬಿಡಿಸಿ ಓದಿದರೆ ಇನ್ನೂ ಇಳಿಯುತ್ತದೆ. ಆಮೇಲೆ ಪುಸ್ತಕವನ್ನು ಮುಚ್ಚಿ ನನ್ನ ಕಡೆ ಚಾಚಿದರು.

"ಬಾಗಿಲಾಚಿ ಏನೈತೋ ನನಗೂ ಗೊತ್ತಿಲ್ರಿ ಅಮ್ಮ. ಓದ್ತೀರೇನು?"

ಚಿನ್ನೀ, ನೀನು ಯಾರನ್ನೂ ಕೇಳದೆ ಎದ್ದು ಹೋಗಿ ಮೇನ್ ಸ್ವಿಚ್ ಇಳಿಸಿದೆ. ಬಹಳ ವರ್ಷಗಳ ಮೇಲೆ ಹಾಡುಹಗಲಲ್ಲಿ ನಮ್ಮ ಗಿರಣಿ ನಿಂತಿತು. ಕಿವಿಯೊಳಗಿನ ಗುಂಯ್ ಸದ್ದು ದೂರ ದೂರ ಹೋಗಿ ಗುಡ್ಡದ ಕಡೆ ಕರಗಿತು. ನಾನು ಅಡಿಗೆಮನೆಗೆ ಹೋಗಿ, ಕಿಟಕಿಯ ಪಕ್ಕ, ಅದೇ ಜಾಗದಲ್ಲಿ ಗೋಡೆಗೆ ಮುಖಮಾಡಿ ಕುಳಿತೆ. ಆಚೆ ಗುಂಡ ತೂತಿನ ಪುಸ್ತಕ ಹಿಡಿದ. ನಿಮ್ಮ ಅಪ್ಪ, ಅಂಗಡಿಯವರು, ಡಬ್ಬಿಯ ಹೆಂಗಸರು ಎಲ್ಲ ನೆಲದ ಮೇಲೆ ಕುಳಿತದ್ದು ಸಂದಿಯಿಂದ ಕಂಡಿತು. ನಾನು ಪುಸ್ತಕವನ್ನು ಅಗಲಿಸಿದಾಗ ಅದರ ಬೆನ್ನಿನಲ್ಲಿ ಕಟಕ್ ಎಂದು ಸದ್ದಾಯಿತು. ಅಂಗಡಿಯವರು ಕಣ್ಣು ಮುಚ್ಚಿಕೊಂಡರು, ಪಾಪ.

ಗೆರೆಯಿಂದ ಶುರು ಮಾಡಿದೆ. ಹುಡುಗಿ ಬಾಗಿಲು ಬಡಿದಳು. ಬಾಗಿಲು ತೆರೆಯಿತು. ಆಚೆ ಇನ್ನೊಂದು ಊರಿತ್ತು. ಅಲ್ಲಿನವರೂ ಒಣಗಿದ ಬಾವಿಯೊಳಗೆ ಇಣುಕುತ್ತ ನಿಂತಿದ್ದರು, ನಮ್ಮ ನೀರು ಮೇಲಿಂದ ಬರುತ್ತಿತ್ತು, ಬರಲೇ ಇಲ್ಲ ಎನ್ನುತ್ತಿದ್ದರು. ಎರಡೂ ಊರಿನ ನಡುವೆ ಸೆಲೆಗೆ ಅಡ್ಡವಾಗಿ ಒಂದು ಬಂಡೆ. ಈ ಕಡೆಯಿಂದ ಇವಳು ದೂಡಿದಳು, ಆ ಕಡೆಯಿಂದ ಅವರು ಎಳೆದರು, ಬಂಡೆ ಸರಿಯಿತು. ಇಷ್ಟೇ ಕಥೆ. "ಮಗಚ್ರೆಪಾ" ಎಂದಾಗ ಗೋಡೆಯ ಎರಡೂ ಕಡೆ ಹಾಳೆ ಒಟ್ಟಿಗೆ ತಿರುಗಿತು, ಹಕ್ಕಿ ರೆಕ್ಕೆ ಬಿಚ್ಚಿತು. ಕಡೆಯ ಚೌಕದಲ್ಲಿ ಹುಡುಗಿ ಏರುವ ನೀರಿನ ಮೇಲೆ ತೇಲುತ್ತ ಮೇಲೆ ಬರುತ್ತಾಳೆ. ಓದಿ ಮುಗಿಸಿ ನಾನು ಸಂದಿಯಿಂದ ನೋಡಿದೆ. ಬಿಸಿಲಿನ ಕೋಲಿನಲ್ಲಿ ಹಿಟ್ಟು ಇಳಿಯುತ್ತಿತ್ತು. ಗುಂಡನ ಕೂದಲು ಬೆಳ್ಳಗಾಗಿತ್ತು. ನಿಮ್ಮ ಅಪ್ಪನದೂ. ಗೋಡೆಗೆ ಒರಗಿ ಕುಳಿತವರಲ್ಲಿ ಇನ್ನೂ ಒಬ್ಬರು ಇದ್ದಾರೆ ಅನಿಸಿತು, ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು. ನಾನು ಅತ್ತ ಸರಿಯಾಗಿ ನೋಡಲು ಹೋಗಲಿಲ್ಲ. ಬಂದಳ್ರಿ ಎಂದು ಗೋಡೆಗೆ ಹೇಳಿದೆ.

ಆಮೇಲೆ ಚಹಾ ಕುಡಿಯುವಾಗ ನಾನೇ ನಿಮ್ಮ ಅಪ್ಪನಿಗೆ, ಉಳಿದ ಪುಸ್ತಕಗಳನ್ನು ಅವರಿಗೆ ಕೊಡು ಎಂದೆ. ಆ ಕಥೆಗಳೆಲ್ಲ ಮಕ್ಕಳಿಗೆ ಮುಟ್ಟಿವೆ, ಅವುಗಳ ಬಾಕಿ ನನ್ನ ಮೇಲಿಲ್ಲ. ಎರಡು ಮಾತು ನಡೆಸಿಕೊಡಿ ಎಂದು ಅಂಗಡಿಯವರನ್ನು ಕೇಳಿದೆ: ಜೋಡಿ ಅಗಲಿಸಬಾರದು, ಗೆರೆ ಒರೆಸಬಾರದು. ಬೆಲೆ ಇಳಿಯುತ್ತದೆ ಎಂದು ಅವರು ಮತ್ತೊಮ್ಮೆ ನೆನಪಿಸಿದರು. ಇಳಿಯಲಿ ಎಂದ ನಿಮ್ಮ ಅಪ್ಪ, ನಾನು ಹೇಳುವ ಮೊದಲೇ. ಮಷೀನು ಮುಂದಿನ ಜೋಳದ ಸುಗ್ಗಿಗೆ ಬಂದರಾಯಿತು ಎಂದ. ಬಾವಿಯ ಪುಸ್ತಕವನ್ನು ಅವರು ಕೇಳಲೇ ಇಲ್ಲ. ಹೋಗುವಾಗ ಅದರ ಮೇಲೆ ಒಮ್ಮೆ ಕೈಯಾಡಿಸಿದರು, ಅಷ್ಟೇ.

ಮಷೀನು ಬಂತು. ಕಿಟಕಿಯ ಗೋಡೆಯನ್ನು ನಿಮ್ಮ ಅಪ್ಪ ಒಡೆಯಲಿಲ್ಲ, ಮಷೀನನ್ನೇ ಸ್ವಲ್ಪ ಓರೆಯಾಗಿ ಕೂರಿಸಿದ. ದೀಪಾವಳಿಯ ಬಟ್ಟೆಗೆ ಲಿಂಗಸುಗೂರಿಗೆ ಹೋಗಿದ್ದ ಚಿನ್ನಿ ಬಂದು ಹೇಳಿದಳು, ಅವರ ಅಂಗಡಿಯ ಕಪಾಟಿನಲ್ಲಿ ತೂತಿಲ್ಲದ ಪುಸ್ತಕಗಳು ಗಾಜಿನ ಹಿಂದೆ ಇವೆಯಂತೆ. ತೂತಿನವು ಇನ್ನೊಂದು ಗೋಡೆಗೆ, ಅದೇ ಹುರಿಯಿಂದ, ಕೆಳಗೆ ತೂಗುತ್ತಿವೆಯಂತೆ. ತಾಯಂದಿರು ಸೀರೆ ನೋಡುವಷ್ಟು ಹೊತ್ತು ಮಕ್ಕಳು ಅಲ್ಲಿ ಕುಳಿತಿರುತ್ತಾರಂತೆ. ಅದನ್ನು ಕೇಳಿದ ದಿನ ನನಗೆ ಒಳ್ಳೆಯ ನಿದ್ದೆ ಬಂತು.

ಬಾವಿಯ ಜೋಡಿ ಟ್ರಂಕಿನಲ್ಲಿದೆ. ಈ ಹಾಳೆಗಳನ್ನೂ ಅದರ ಜೊತೆಗೇ ಇಡಿ, ಮಕ್ಕಳೇ. ವರ್ಷಕ್ಕೊಮ್ಮೆ ಬೇವಿನ ಸೊಪ್ಪು ಬದಲಿಸಿ, ಹುಳ ಹತ್ತಗೊಡಬೇಡಿ, ರದ್ದಿಯವನ ತಕ್ಕಡಿಗೆ ಹೋಗಗೊಡಬೇಡಿ. ಆದರೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟುವುದೂ ಬೇಡ. ಕೈಗೆ ಸಿಗುವ ಹಾಗಿರಲಿ, ಹಿಟ್ಟು ತಾಗಿದರೂ ತಾಗಲಿ. ಓದುತ್ತ ಓದುತ್ತ ಯಾರಾದರೂ ಕರೆದರೆ, ಪೆನ್ಸಿಲಿನಿಂದ ಒಂದು ಸಣ್ಣ ಗೆರೆ ಹಾಕಿ ಎದ್ದು ಹೋಗಿ. ಹಾಳೆ ಜೋಪಾನವಾಗಿದ್ದರೆ, ಆ ಗೆರೆಯಿಂದ ಮುಂದೆ ನಾನು ಓದುತ್ತಿರುತ್ತೇನೆ.